ಸ್ಥಿತಿ ನೋಡಿ ಇಡಬೇಕಿತ್ತು ಎನ್ನುವ ಜಾಣರಿಗೆ

ಬ್ಯಾಂಕೊಂದಕ್ಕೆ ಬೀಗ ಬಿದ್ದ ದಿನ ಸಂಜೆಯ ಹೊತ್ತಿಗೆ ಊರಿನಲ್ಲಿ ಎರಡು ಪಂಗಡಗಳಾಗಿರುತ್ತವೆ: ದುಡ್ಡು ಇಟ್ಟವರದು ಒಂದು, ಬುದ್ಧಿ ಹೇಳುವವರದು ಇನ್ನೊಂದು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಯಾರಿಗೂ 35,000 ರೂಪಾಯಿಗಿಂತ ಹೆಚ್ಚು ಕೊಡಕೂಡದು ಎಂದಾಗಲೂ ಹೀಗೇ ಆಯಿತು. ಶಾಖೆಯ ಮುಂದೆ ಎಫ್‌ಡಿ ರಸೀತಿ ಹಿಡಿದು ನಿಂತವರಲ್ಲಿ ಬಹಳ ಮಂದಿ ನಿವೃತ್ತರು. ಪಿಎಫ್, ಗ್ರಾಚ್ಯುಯಿಟಿ, ಸೈಟು ಮಾರಿದ ಹಣ ಎಲ್ಲವೂ ಅಲ್ಲೇ ಇತ್ತು. ಅವರ ಬಗ್ಗೆ ಮನೆಮನೆಗಳಲ್ಲಿ, ಟೀವಿಯ ಚರ್ಚೆಗಳಲ್ಲಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬಂದ ತೀರ್ಪು ಒಂದೇ: ಬಡ್ಡಿಯಾಸೆಗೆ ಬಿದ್ದರು, ಬ್ಯಾಂಕಿನ ಸ್ಥಿತಿ ನೋಡಿ ಇಡಬೇಕಿತ್ತು.

ಬಿದ್ದವನಿಗೆ ಆಳಿಗೊಂದು ಕಲ್ಲು ಎಂಬುದು ನಮ್ಮಲ್ಲಿ ಹೊಸತಲ್ಲ. ಆದರೆ ಈ ಕಲ್ಲನ್ನು ಎಸೆಯುವವರು ತಾವು ಅರ್ಥಶಾಸ್ತ್ರ ಮಾತಾಡುತ್ತಿದ್ದೇವೆ ಎಂದುಕೊಂಡಿರುತ್ತಾರೆ. ಹಣಕಾಸು ಅಂಕಣಕಾರರು ಇದಕ್ಕೊಂದು ಪಟ್ಟಿಯನ್ನೂ ಮಾಡಿಕೊಟ್ಟಿದ್ದಾರೆ. ನಿವ್ವಳ ಎನ್‌ಪಿಎ, ಅಂದರೆ ವಸೂಲಾಗದೆ ನಿಂತ ಸಾಲ, ಶೇ. 3ರ ಒಳಗಿರಬೇಕು, ಬಂಡವಾಳದ ಅನುಪಾತ ನಿಗದಿಗಿಂತ ಮೇಲಿರಬೇಕು, ವರ್ಷವರ್ಷವೂ ಲಾಭ ಬಂದಿರಬೇಕು, ಆಡಿಟ್ ವರ್ಗ ಚೆನ್ನಾಗಿರಬೇಕು. ಇಷ್ಟು ನೋಡಿಕೊಂಡರೆ ನಿಮ್ಮ ಹಣ ಭದ್ರ ಎನ್ನುತ್ತಾರೆ. ಬ್ಯಾಂಕಿನ ಆರೋಗ್ಯ ಪರೀಕ್ಷೆಯನ್ನು ಠೇವಣಿದಾರನೇ ಮಾಡಬೇಕು, ಮಾಡದಿದ್ದರೆ ತಪ್ಪು ಅವನದೇ ಎಂಬ ಈ ಮಾತು ಈಗ ಯಾರೂ ಪ್ರಶ್ನಿಸದ ಲೋಕರೂಢಿ. ಈ ಮಾತೇ ಪೊಳ್ಳು ಎಂಬುದು ನನ್ನ ವಾದ. ಠೇವಣಿದಾರ ನೋಡಲಾರ. ನೋಡಿದರೂ ಅವನಿಗೆ ಕಾಣುವುದು ಬ್ಯಾಂಕು ತೋರಿಸಿದ್ದು. ಮೇಲಾಗಿ ಅವನ ಹಣ ಉಳಿಯುವುದೂ ಮುಳುಗುವುದೂ ಬ್ಯಾಂಕಿನ ಆರೋಗ್ಯದಿಂದ ಮಾತ್ರ ತೀರ್ಮಾನವಾಗುವುದಿಲ್ಲ.

ಪಟ್ಟಿಯನ್ನೇ ಹಿಡಿದು ನೋಡೋಣ. ಮುಂಬೈಯ ಪಂಜಾಬ್ ಆ್ಯಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕ್, ಅಂದರೆ ಪಿಎಂಸಿ ಬ್ಯಾಂಕು, ಕರ್ನಾಟಕದಲ್ಲೂ ಶಾಖೆಗಳಿದ್ದ ಬಹುರಾಜ್ಯ ಸಹಕಾರಿ ಬ್ಯಾಂಕು. 2019ರ ಮಾರ್ಚ್ ಅಂತ್ಯಕ್ಕೆ ಅದು ಹೊರತಂದ ಲೆಕ್ಕ ಹೀಗಿತ್ತು: ಠೇವಣಿ 11,617 ಕೋಟಿ ರೂಪಾಯಿ, ಲಾಭ ಸುಮಾರು 100 ಕೋಟಿ, ಒಟ್ಟು ಎನ್‌ಪಿಎ ಶೇ. 3.76, ನಿವ್ವಳ ಎನ್‌ಪಿಎ ಶೇ. 2.19, ಬಂಡವಾಳದ ಅನುಪಾತ ಶೇ. 12.62. ಅಂಕಣಕಾರರ ಪಟ್ಟಿಯ ಪ್ರತಿ ಸಾಲಿಗೂ ಟಿಕ್ ಹಾಕಬಹುದು. ಅದೇ ಮಾರ್ಚ್‌ನಲ್ಲಿ ಸರ್ಕಾರಿ ಬ್ಯಾಂಕುಗಳ ಒಟ್ಟು ಎನ್‌ಪಿಎ ಶೇ. 11ಕ್ಕೂ ಮೇಲಿತ್ತು. ಆಗ ಯಾರಾದರೂ ಈ ಜಾಣರ ಮಾತು ಕೇಳಿ, ಕನ್ನಡಕ ಹಾಕಿಕೊಂಡು ಕೂತು ಎರಡೂ ಕಡೆಯ ಬ್ಯಾಲೆನ್ಸ್ ಶೀಟ್ ತಾಳೆ ನೋಡಿದ್ದರೆ ಏನು ಮಾಡುತ್ತಿದ್ದರು? ಸರ್ಕಾರಿ ಬ್ಯಾಂಕಿನಿಂದ ಹಣ ತೆಗೆದು ಪಿಎಂಸಿಯಲ್ಲಿ ಇಡುತ್ತಿದ್ದರು!

ಆರು ತಿಂಗಳು ತುಂಬುವಷ್ಟರಲ್ಲಿ, ಸೆಪ್ಟೆಂಬರ್‌ನಲ್ಲಿ, ಪಿಎಂಸಿಯ ಠೇವಣಿದಾರರಿಗೆ ರಿಸರ್ವ್ ಬ್ಯಾಂಕ್ ಗೊತ್ತುಮಾಡಿದ ಮೊತ್ತ ತಲೆಗೆ 1,000 ರೂಪಾಯಿ. ಆಮೇಲೆ ಅದು ಏರಿತು ನಿಜ, ಆದರೆ ಮೊದಲ ದಿನದ ಆದೇಶ ಆರು ತಿಂಗಳಿಗೆ ಒಂದು ಸಾವಿರ. ಹೊರಬಿದ್ದ ಸಂಗತಿ ಏನೆಂದರೆ, ಬ್ಯಾಂಕು ಕೊಟ್ಟಿದ್ದ ಸಾಲದಲ್ಲಿ ಮುಕ್ಕಾಲು ಪಾಲಿನ ಹತ್ತಿರದಷ್ಟು, 6,500 ಕೋಟಿಗೂ ಮೇಲೆ, ಎಚ್‌ಡಿಐಎಲ್ ಎಂಬ ಒಂದೇ ರಿಯಲ್ ಎಸ್ಟೇಟ್ ಸಮೂಹದ ಪಾಲಾಗಿತ್ತು. ಅದನ್ನು ಮುಚ್ಚಲು 21,049 ಸುಳ್ಳು ಸಾಲದ ಖಾತೆಗಳನ್ನು ಪಟ್ಟಿಯಲ್ಲಿ ತುಂಬಲಾಗಿತ್ತು. ಇಪ್ಪತ್ತೊಂದು ಸಾವಿರ ಖಾತೆ! ಅವೆಲ್ಲ ತಪಾಸಣೆಗೆ ಬಂದವರು ಒಂದೊಂದಾಗಿ ಬಿಡಿಸಿ ನೋಡುವ ಗೋಜಿಗೆ ಹೋಗದ ಸಣ್ಣ ಮೊತ್ತದ ಸಾಲಗಳಂತೆ ಕಾಣುತ್ತಿದ್ದವು. ವರ್ಷ ವರ್ಷ ಆಡಿಟ್ ನಡೆದಿತ್ತು, ರಿಸರ್ವ್ ಬ್ಯಾಂಕಿನ ತಪಾಸಣೆಯೂ ನಡೆದಿತ್ತು. ಇವರೆಲ್ಲರಿಗೆ ಕಾಣದ್ದು ಘಾಟ್ಕೋಪರದ ಟ್ಯಾಕ್ಸಿ ಚಾಲಕನಿಗೂ ಪಿಂಚಣಿದಾರ ಅಜ್ಜಿಗೂ ಕಾಣಬೇಕಿತ್ತಂತೆ. ಆ ವರ್ಷದ ವಾರ್ಷಿಕ ವರದಿಯ ಯಾವ ಪುಟದಲ್ಲಿ, ಯಾವ ಸಾಲಿನಲ್ಲಿ ಕಾಣಬೇಕಿತ್ತು ಎಂದು ಬೆರಳಿಟ್ಟು ತೋರಿಸುವವರು ಒಬ್ಬರೂ ಇಲ್ಲ.

ಇದು ಸಹಕಾರಿ ವಲಯದ ರೋಗ, ಖಾಸಗಿ ದೊಡ್ಡ ಬ್ಯಾಂಕುಗಳ ಲೆಕ್ಕ ಸ್ವಚ್ಛ ಎಂದು ಯಾರಾದರೂ ಎದ್ದರೆ ಯೆಸ್ ಬ್ಯಾಂಕನ್ನು ನೆನಪಿಸಬೇಕಾಗುತ್ತದೆ. 2015-16ರಲ್ಲಿ ಆ ಬ್ಯಾಂಕು ತನ್ನ ಒಟ್ಟು ಎನ್‌ಪಿಎ 749 ಕೋಟಿ ಎಂದು ಪ್ರಕಟಿಸಿತ್ತು. ರಿಸರ್ವ್ ಬ್ಯಾಂಕ್ ಕೂತು ಲೆಕ್ಕ ಹಾಕಿದಾಗ ಸಿಕ್ಕಿದ್ದು 4,926 ಕೋಟಿ. ಮರುವರ್ಷ ಎರಡು ಲೆಕ್ಕಗಳ ನಡುವಿನ ಅಂತರ 6,355 ಕೋಟಿಗೆ ಹಿಗ್ಗಿತು. ಪ್ರಕಟವಾದ ಲೆಕ್ಕಕ್ಕೆ ಹೆಸರಾಂತ ಆಡಿಟರುಗಳ ಸಹಿ ಇತ್ತು, ಷೇರುಪೇಟೆಯ ಪಂಡಿತರ ಕಣ್ಣಿತ್ತು. ಮುಂಬೈಯ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕಿನದಂತೂ ಇನ್ನೂ ಸರಳ ಕತೆ. 2025ರ ಫೆಬ್ರವರಿಯಲ್ಲಿ ಅಧಿಕಾರಿಗಳು ಹೋಗಿ ತಿಜೋರಿ ತೆಗೆಸಿ ಎಣಿಸಿದರು, ಪುಸ್ತಕದಲ್ಲಿದ್ದ ನಗದಿಗೂ ತಿಜೋರಿಯಲ್ಲಿದ್ದ ನಗದಿಗೂ 122 ಕೋಟಿ ರೂಪಾಯಿ ವ್ಯತ್ಯಾಸ. ಅನುಪಾತ ಗಿನುಪಾತ ಏನೂ ಬೇಡ, ನೋಟಿನ ಕಟ್ಟೇ ಇರಲಿಲ್ಲ! ಇದನ್ನು ಠೇವಣಿದಾರ ಹೇಗೆ ಪರೀಕ್ಷಿಸಬೇಕಿತ್ತು? ಸ್ಟ್ರಾಂಗ್ ರೂಮಿನ ಕೀಲಿಕೈ ಕೇಳಬೇಕಿತ್ತೆ?

ಈ ಬ್ಯಾಂಕುಗಳ ನಿಜಸ್ಥಿತಿ ಹೇಳುವ ಕಾಗದ ಎಲ್ಲೂ ಇರಲೇ ಇಲ್ಲ ಎಂದೂ ಹೇಳಲಾಗದು. ರಿಸರ್ವ್ ಬ್ಯಾಂಕಿನ ತಪಾಸಣಾ ವರದಿ ಎಂಬುದೊಂದಿದೆ. ಬ್ಯಾಂಕಿಗೆ ಅಂಕ ಕೊಟ್ಟು, ಎಲ್ಲಿ ಕೊಳೆತಿದೆ ಎಂದು ಗುರುತಿಸುವ ದಾಖಲೆ ಅದು. ಅದರಲ್ಲೂ ತಪ್ಪಾಗುತ್ತದೆ, ಪಿಎಂಸಿಯಲ್ಲಿ ಆದಂತೆ. ಆದರೂ ಬ್ಯಾಂಕು ತಾನೇ ಬರೆದುಕೊಂಡ ಹೊಗಳಿಕೆಗಿಂತ ಅದು ವಾಸಿ. ಗುಜರಾತಿನ ಒಂದು ಸಹಕಾರಿ ಬ್ಯಾಂಕಿನ ತಪಾಸಣಾ ವರದಿ ಕೊಡಿ ಎಂದು ಮಾಹಿತಿ ಹಕ್ಕಿನಡಿ ಒಬ್ಬ ಅರ್ಜಿದಾರರು ಕೇಳಿದರು. ರಿಸರ್ವ್ ಬ್ಯಾಂಕ್ ಕೊಡಲಿಲ್ಲ. ಬ್ಯಾಂಕುಗಳಿಗೂ ತನಗೂ ನಂಬಿಕೆಯ ಸಂಬಂಧವಿದೆ, ಆ ಗುಟ್ಟು ಬಿಟ್ಟುಕೊಡಲಾಗದು ಎಂದು ವಾದಿಸಿತು. ಇಂಥ ಹಲವು ಪ್ರಕರಣಗಳು ಒಟ್ಟಾಗಿ ಸುಪ್ರೀಂ ಕೋರ್ಟಿಗೆ ಹೋದವು. 2015ರ ಡಿಸೆಂಬರ್‌ನಲ್ಲಿ ಕೋರ್ಟು ಆ ವಾದವನ್ನು ತಳ್ಳಿಹಾಕಿ, ರಿಸರ್ವ್ ಬ್ಯಾಂಕಿನ ಹೊಣೆ ಇರುವುದು ಸಾರ್ವಜನಿಕರಿಗೇ ಹೊರತು ಬ್ಯಾಂಕುಗಳ ಹಿತಕ್ಕಲ್ಲ ಎಂದು ತೀರ್ಪು ಕೊಟ್ಟಿತು. ಆಮೇಲೆ ಬ್ಯಾಂಕುಗಳೇ ಸಾಲುಸಾಲಾಗಿ ಅದೇ ಕೋರ್ಟಿನ ಮೆಟ್ಟಿಲು ಹತ್ತಿ ಆ ತೀರ್ಪನ್ನು ಹಿಂದೆ ಸರಿಸಲು ನೋಡಿದವು. ಇವತ್ತಿಗೂ ನೀವು ಎಫ್‌ಡಿ ಮಾಡಲು ಹೊರಟ ಬ್ಯಾಂಕಿನ ತಪಾಸಣೆಯ ಅಂಕ ಎಷ್ಟು ಎಂದು ಕೌಂಟರಿನಲ್ಲಿ ಕೇಳಿ ನೋಡಿ, ಮ್ಯಾನೇಜರು ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ನಿಜವಾದ ವರದಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಹೊರಗೆ ನಿಂತವನನ್ನು ಯಾಕೆ ಓದಲಿಲ್ಲ ಎಂದು ಗದರುವುದು ಎಂಥ ನ್ಯಾಯ?

ಇನ್ನು ದುರಾಸೆಯ ಆರೋಪ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವ ಮಾತು. ರಾಘವೇಂದ್ರ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದ ದಿನವೇ, 2020ರ ಜನವರಿ 10ರಿಂದ, ಸ್ಟೇಟ್ ಬ್ಯಾಂಕಿನ ಒಂದು ವರ್ಷದ ಠೇವಣಿಯ ಬಡ್ಡಿ ಶೇ. 6.10ಕ್ಕೆ ಇಳಿಯಿತು. ಹಿರಿಯ ನಾಗರಿಕರಿಗೆ ಅರ್ಧ ಶೇಕಡಾ ಹೆಚ್ಚು. ಅದರ ಹಿಂದಿನ ತಿಂಗಳ ಚಿಲ್ಲರೆ ಹಣದುಬ್ಬರ ಶೇ. 7.35, ಆ ತಿಂಗಳದ್ದು ಶೇ. 7.59. ಈರುಳ್ಳಿ ಕಿಲೋಗೆ ನೂರು ದಾಟಿದ್ದ ಚಳಿಗಾಲ ಅದು. ಇಪ್ಪತ್ತು ಲಕ್ಷ ಇಟ್ಟ ನಿವೃತ್ತ ಮೇಷ್ಟ್ರಿಗೆ ಸರ್ಕಾರಿ ಬ್ಯಾಂಕಿನಲ್ಲಿ ವರ್ಷಕ್ಕೆ 1,32,000 ರೂಪಾಯಿ ಬಡ್ಡಿ, ತಿಂಗಳಿಗೆ ಹನ್ನೊಂದು ಸಾವಿರ. ಅಷ್ಟರಲ್ಲಿ ಬಾಡಿಗೆಯೋ, ಬಿ.ಪಿ., ಶುಗರ್ ಮಾತ್ರೆಯೋ, ದಿನಸಿಯೋ? ಅಸಲಿನ ಬೆಲೆ ಕರಗುವುದು ಬೇರೆ. ಒಂದೆರಡು ಶೇಕಡಾ ಹೆಚ್ಚು ಕೊಡುವ, ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ, ಪಾಸ್‌ಬುಕ್ಕಿನಲ್ಲಿ ಠೇವಣಿ ವಿಮೆಯ ಮುದ್ರೆ ಇರುವ ಬ್ಯಾಂಕಿಗೆ ಅವರು ಹೋದರೆ ಅದು ದುರಾಸೆಯೆ? ಹಣವನ್ನು ಹದಿನೈದು ದಿನಕ್ಕೆ ದುಪ್ಪಟ್ಟು ಮಾಡುತ್ತೇನೆಂದವನ ಹಿಂದೆ ಹೋದವರಿಗೂ ಇವರಿಗೂ ವ್ಯತ್ಯಾಸವಿಲ್ಲವೆ? ಶೇ. 9ರ ಸಾಲವನ್ನು ಶೇ. 8.5ಕ್ಕೆ ಬದಲಾಯಿಸಿಕೊಂಡ ಐ.ಟಿ. ಉದ್ಯೋಗಿಯನ್ನು ನಾವು ಚತುರ ಎನ್ನುತ್ತೇವೆ. ಒಂದೆರಡು ಶೇಕಡಾಕ್ಕಾಗಿ ಠೇವಣಿ ಬದಲಿಸಿದ ಮುದುಕ ಮಾತ್ರ ಆಸೆಬುರುಕ.

ಅನುಮಾನ ಬಂದು ಹಣ ತೆಗೆಯಲು ಹೊರಟವನಿಗೆ ಏನಾಗುತ್ತದೆ ನೋಡಿ. ಪಿಎಂಸಿ ಮುಳುಗಿದ ಮರುವಾರವೇ, 2019ರ ಅಕ್ಟೋಬರ್ 1ರಂದು, ರಿಸರ್ವ್ ಬ್ಯಾಂಕ್ ಸಾರ್ವಜನಿಕವಾಗಿ ಹೇಳಿದ್ದು: ಸಹಕಾರಿ ಬ್ಯಾಂಕುಗಳೂ ಸೇರಿ ಕೆಲವು ಬ್ಯಾಂಕುಗಳ ಬಗ್ಗೆ ವದಂತಿ ಹರಡಿದೆ, ನಮ್ಮ ಬ್ಯಾಂಕಿಂಗ್ ವ್ಯವಸ್ಥೆ ಭದ್ರವಾಗಿದೆ, ಗಾಬರಿ ಬೇಡ. ಅದಾಗಿ ನಾಲ್ಕನೇ ತಿಂಗಳಿಗೆ ಬಸವನಗುಡಿಯ ರಾಘವೇಂದ್ರ ಬ್ಯಾಂಕಿನ ಸರದಿ. ಯೆಸ್ ಬ್ಯಾಂಕಿನ ಗಲಾಟೆಯ ನಡುವೆ, ಷೇರು ಬೆಲೆ ನೋಡಿ ಬ್ಯಾಂಕಿನ ಭದ್ರತೆ ಅಳೆಯುವುದು ತಪ್ಪು ಲೆಕ್ಕ ಎಂದೂ ಅದೇ ರಿಸರ್ವ್ ಬ್ಯಾಂಕ್ ಬುದ್ಧಿ ಹೇಳಿತು. ಸರಿ, ಹಾಗಾದರೆ ಠೇವಣಿದಾರ ಏನು ಮಾಡಬೇಕು? ನಂಬಿ ಇಟ್ಟುಕೊಂಡರೆ ಕುರಿ, ಅನುಮಾನಿಸಿ ತೆಗೆದರೆ ವದಂತಿಕೋರ. ಎರಡು ಕಡೆಯೂ ಅವನದೇ ತಪ್ಪಾಗುವಂತೆ ಆಟದ ನಿಯಮ ಬರೆದಿಟ್ಟವರು ಯಾರು?

ನಿಯಮ ಹಾಗಿರಬೇಕಾಗಿ ಬಂದುದಕ್ಕೆ ಕಾರಣವೂ ಇದೆ, ಅದನ್ನು ಒಪ್ಪಬೇಕು. ಎಲ್ಲರೂ ಪರೀಕ್ಷಕರಾಗಿ ಎಲ್ಲರೂ ಒಟ್ಟಿಗೆ ಓಡಿದರೆ ಗಟ್ಟಿ ಬ್ಯಾಂಕೂ ಉಳಿಯುವುದಿಲ್ಲ. ಠೇವಣಿ ಯಾವಾಗ ಬೇಕಾದರೂ ಕೇಳಬಹುದಾದದ್ದು, ಆ ಹಣದಿಂದ ಕೊಟ್ಟ ಸಾಲ ಹತ್ತಿಪ್ಪತ್ತು ವರ್ಷದ್ದು. ಡೈಮಂಡ್ ಮತ್ತು ಡಿಬ್‌ವಿಗ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರಿಗೆ 2022ರ ನೊಬೆಲ್ ಬಂದದ್ದು ಈ ಓಟದ ತರ್ಕವನ್ನು ಬಿಡಿಸಿ ತೋರಿಸಿದ್ದಕ್ಕೆ. ಠೇವಣಿ ವಿಮೆ ಇರುವುದೇ ಜನ ಬ್ಯಾಂಕನ್ನು ದಿನಾ ಮೂಸಿ ನೋಡದೆ ನಿಶ್ಚಿಂತೆಯಿಂದ ಇರಲಿ ಎಂದು. ನಮ್ಮಲ್ಲಿ ಇದು ಪುಸ್ತಕ ಓದಿ ಬಂದ ಪಾಠವಲ್ಲ. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಳುಗಿ ಜನ ಬೀದಿಗೆ ಬಿದ್ದ ಮೇಲೆ 1961ರಲ್ಲಿ ಕಾಯಿದೆ ಬಂತು, 1962ರ ಆರಂಭದಿಂದ ವಿಮೆ ಶುರುವಾಯಿತು. ಆಗ ಮಿತಿ 1,500 ರೂಪಾಯಿ. 1993ರಲ್ಲಿ ಅದು ಒಂದು ಲಕ್ಷವಾಯಿತು, ಆಮೇಲೆ ಸುಮಾರು ಇಪ್ಪತ್ತೇಳು ವರ್ಷ ಅಲ್ಲಾಡಲಿಲ್ಲ. ಪಿಎಂಸಿ ಮತ್ತು ರಾಘವೇಂದ್ರದ ಠೇವಣಿದಾರರು ಬೀದಿಗಿಳಿದ ಮೇಲೆ 2020ರ ಫೆಬ್ರವರಿಯಲ್ಲಿ ಐದು ಲಕ್ಷವಾಯಿತು. ಆ ಐದು ಲಕ್ಷವಾದರೂ ಬ್ಯಾಂಕಿನ ಲೈಸೆನ್ಸ್ ರದ್ದಾಗುವವರೆಗೆ ಸಿಗುತ್ತಿರಲಿಲ್ಲ. ನಿರ್ಬಂಧ ಬಿದ್ದ 90 ದಿನದೊಳಗೆ ಕೊಡಬೇಕೆಂಬ ತಿದ್ದುಪಡಿ ಬಂದದ್ದು 2021ರಲ್ಲಿ. ಪುಣೆಯ ರೂಪೀ ಬ್ಯಾಂಕಿನ ಮೇಲೆ 2013ರಲ್ಲಿ ಬಿದ್ದ ನಿರ್ಬಂಧ 2022ರಲ್ಲಿ ಲೈಸೆನ್ಸ್ ರದ್ದಾಗುವವರೆಗೆ ಎಳೆಯಿತು. ಒಂಬತ್ತು ವರ್ಷ!

ವಿಮೆ ಹೆಚ್ಚಿಸಿದರೆ ಜನ ಬೇಜವಾಬ್ದಾರರಾಗುತ್ತಾರೆ, ಕಣ್ಣುಮುಚ್ಚಿ ಎಲ್ಲೆಂದರಲ್ಲಿ ಇಡುತ್ತಾರೆ ಎಂಬ ಆಕ್ಷೇಪ ಒಂದಿದೆ. ಎದುರು ಪಕ್ಷದ ಬತ್ತಳಿಕೆಯಲ್ಲಿ ಇರುವ ಗಟ್ಟಿ ಬಾಣ ಇದೊಂದೇ. ಆದರೆ ಕಣ್ಣು ತೆರೆದಿಟ್ಟವರ ಪಾಡು ಏನಾಯಿತು? ಪಿಎಂಸಿಯಲ್ಲಿ ಬಿಡಿ ಠೇವಣಿದಾರರಷ್ಟೇ ಅಲ್ಲ, ಬೇರೆ ಪಟ್ಟಣ ಸಹಕಾರಿ ಬ್ಯಾಂಕುಗಳೂ ಹಣ ಇಟ್ಟಿದ್ದವು. ಅವರಿಗೆ ಆಡಿಟರಿದ್ದರು, ನಿರ್ದೇಶಕ ಮಂಡಳಿ ಇತ್ತು, ಬ್ಯಾಲೆನ್ಸ್ ಶೀಟ್ ಓದುವುದೇ ಅವರ ಕಸುಬು. ಅವರಿಗೂ ಕಾಣಲಿಲ್ಲ. ಕಡೆಗೆ ಪುನರುಜ್ಜೀವನ ಯೋಜನೆಯಲ್ಲಿ ಸಂಸ್ಥೆಗಳ ಠೇವಣಿಯ ಬಹುಪಾಲನ್ನು ಪ್ರಿಫರೆನ್ಸ್ ಷೇರು ಮಾಡಿ ಕೈಗಿತ್ತರು. ವೃತ್ತಿಪರನ ಕಣ್ಣಿಗೆ ಕಾಣದ್ದು ಗೃಹಿಣಿಯ ಎಚ್ಚರದಿಂದ ಬಯಲಾಗುತ್ತದೆ ಎನ್ನುವುದು ಯಾವ ಲೆಕ್ಕ? ಬೇಜವಾಬ್ದಾರಿಯ ಮಾತೇ ಆಡುವುದಿದ್ದರೆ ಬ್ಯಾಂಕುಗಳ ಕಡೆ ತಿರುಗಬೇಕು. ಠೇವಣಿ ವಿಮೆಯ ಕಂತಿನ ದರ ಗಟ್ಟಿ ಬ್ಯಾಂಕಿಗೆ ಎಷ್ಟೋ ಹುಳುಕು ಬ್ಯಾಂಕಿಗೂ ಅಷ್ಟೇ ಎಂಬ ಪದ್ಧತಿ ದಶಕಗಳ ಕಾಲ ನಡೆದುಬಂತು. ಅಪಾಯಕ್ಕೆ ತಕ್ಕ ಕಂತು ಎಂಬ ಪ್ರಸ್ತಾವವನ್ನು ರಿಸರ್ವ್ ಬ್ಯಾಂಕ್ ಮುಂದಿಟ್ಟದ್ದು 2025ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಬ್ಯಾಂಕುಗಳ ನಡುವೆ ಫರಕು ಮಾಡದಿದ್ದವರು ಠೇವಣಿದಾರನಿಂದ ಮಾತ್ರ ಆ ಫರಕನ್ನು ಬಯಸಿದರು.

ಇಷ್ಟಾದ ಮೇಲೂ ಆರೋಗ್ಯ ನೋಡಿದರೆ ಭದ್ರ ಎನ್ನುವವರಿಗೆ ಇನ್ನೊಂದು ಗಂಟು ಬಿಡಿಸಬೇಕಿದೆ. 2018ರ ಮಾರ್ಚ್‌ನಲ್ಲಿ ಐಡಿಬಿಐ ಬ್ಯಾಂಕಿನ ಒಟ್ಟು ಎನ್‌ಪಿಎ ಶೇ. 28ರ ಹತ್ತಿರ ಇತ್ತು. ನೂರಕ್ಕೆ ಇಪ್ಪತ್ತೆಂಟು! ಯಾವ ಪುಸ್ತಕದ ಪ್ರಕಾರ ನೋಡಿದರೂ ಹಾಸಿಗೆ ಹಿಡಿದ ಬ್ಯಾಂಕು. ಎಲ್ಐಸಿ ಬಂದು ಶೇ. 51 ಪಾಲು ಹಿಡಿಯಿತು, ಯಾವ ಠೇವಣಿದಾರನಿಗೂ ಒಂದು ಪೈಸೆ ನಷ್ಟವಾಗಲಿಲ್ಲ. ಯೆಸ್ ಬ್ಯಾಂಕಿನ ಮೇಲೆ 2020ರ ಮಾರ್ಚ್ 5ರಂದು 50,000 ರೂಪಾಯಿಯ ಮಿತಿ ಬಿತ್ತು, ಸ್ಟೇಟ್ ಬ್ಯಾಂಕಿನ ಮುಂದಾಳತ್ವದಲ್ಲಿ ಬಂಡವಾಳ ಬಂದು 18ರಂದು ಮಿತಿ ಹೋಯಿತು. ಹದಿಮೂರೇ ದಿನ. ಬಾಂಡು ಕೊಂಡವರ 8,415 ಕೋಟಿ ಅಳಿಸಿಹೋಯಿತು, ಠೇವಣಿದಾರರು ಪೂರಾ ಉಳಿದರು. ಪಿಎಂಸಿಯ ದೊಡ್ಡ ಠೇವಣಿದಾರರಿಗಾದರೋ 2022ರ ಜನವರಿಯಲ್ಲಿ ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನೊಂದಿಗಿನ ವಿಲೀನ ಯೋಜನೆ ಕೊಟ್ಟದ್ದು ಕಂತು: ಮೊದಲು ವಿಮೆಯ ಐದು ಲಕ್ಷ, ಒಂದು ವರ್ಷಕ್ಕೆ ಐವತ್ತು ಸಾವಿರ, ಎರಡನೆಯ ವರ್ಷಕ್ಕೆ ಇನ್ನೊಂದು ಐವತ್ತು ಸಾವಿರ, ಹೀಗೆ ತುಂಡುತುಂಡಾಗಿ, ಉಳಿದದ್ದು ಹತ್ತು ವರ್ಷದ ಕೊನೆಗೆ. ಮೊದಲ ಐದು ವರ್ಷ ಬಡ್ಡಿಯಿಲ್ಲ. ಆಮೇಲೆ ಶೇ. 2.75. ಕಾಯಿಲೆ ಎಲ್ಲ ಕಡೆಯೂ ಇತ್ತು. ಬೇರೆಯಾಗಿದ್ದದ್ದು ಬ್ಯಾಂಕಿನ ಗಾತ್ರ, ಅದು ಬಿದ್ದರೆ ಏನಾದೀತೋ ಎಂಬ ಸರ್ಕಾರದ ಭಯ. ಬ್ಯಾಂಕಿನ ಆರೋಗ್ಯ ಒಂದು ವಿಷಯ, ನಿಮ್ಮ ಠೇವಣಿಯ ಭದ್ರತೆ ಇನ್ನೊಂದು.

ಹಾಗಾದರೆ ಠೇವಣಿದಾರ ಏನೂ ನೋಡಬೇಕಿಲ್ಲವೆ ಎಂದರೆ, ನೋಡಬೇಕು, ಆದರೆ ಅನುಪಾತಗಳನ್ನಲ್ಲ. ಮೊದಲು ನೋಡಬೇಕಾದದ್ದು ಬೋರ್ಡನ್ನು. ನಮ್ಮ ರಾಜ್ಯದ ಯಾವ ಪೇಟೆಬೀದಿಯಲ್ಲಿ ನಡೆದರೂ ಅಕ್ಕಪಕ್ಕದಲ್ಲಿ ಎರಡು ಬಾಗಿಲು ಸಿಗುತ್ತವೆ. ಒಂದರ ಮೇಲೆ ಸಹಕಾರ ಬ್ಯಾಂಕ್ ನಿಯಮಿತ, ಇನ್ನೊಂದರ ಮೇಲೆ ಸೌಹಾರ್ದ ಪತ್ತಿನ ಸಹಕಾರಿ ನಿಯಮಿತ. ಎರಡರಲ್ಲೂ ಅದೇ ಗಾಜಿನ ಕೌಂಟರು, ಪಾಸ್‌ಬುಕ್ಕು, ಪಿಗ್ಮಿ ಕಟ್ಟಿಸಿಕೊಳ್ಳಲು ಸಂಜೆ ಅಂಗಡಿಗೆ ಬರುವ ಅದೇ ಹುಡುಗ, ಗೋಡೆಯ ಮೇಲೆ ಅದೇ ದೇವರ ಪಟ. ಮೊದಲನೆಯದಕ್ಕೆ ರಿಸರ್ವ್ ಬ್ಯಾಂಕಿನ ಲೈಸೆನ್ಸೂ ಠೇವಣಿ ವಿಮೆಯೂ ಉಂಟು. ಎರಡನೆಯದು ರಾಜ್ಯದ ಸೌಹಾರ್ದ ಸಹಕಾರಿ ಕಾಯಿದೆಯಡಿಯ ಸಂಸ್ಥೆ, ಅದಕ್ಕೆ ಠೇವಣಿ ವಿಮೆ ಒಂದು ರೂಪಾಯಿಯದೂ ಇಲ್ಲ. ಜನ ಎರಡನ್ನೂ ಬ್ಯಾಂಕು ಎಂದೇ ಕರೆಯುತ್ತಾರೆ, ಎರಡನೆಯದರ ಸಿಬ್ಬಂದಿ ತಿದ್ದುವುದಿಲ್ಲ. ಸಹಕಾರ ಸಂಘಗಳು ಹೆಸರಿನಲ್ಲಿ ಬ್ಯಾಂಕ್ ಎಂದು ಹಾಕಿಕೊಳ್ಳುವಂತಿಲ್ಲ, ಅವುಗಳ ಠೇವಣಿಗೆ ವಿಮೆಯಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಪ್ರಕಟಣೆ ಕೊಟ್ಟು ಎಚ್ಚರಿಸಿತು. ಎಚ್ಚರಿಕೆ ಕಾಗದದಲ್ಲಿ ಉಳಿಯಿತು. ಬಾಗಿಲ ಮೇಲೆ, ಬಡ್ಡಿ ದರದ ಫಲಕದಷ್ಟೇ ದೊಡ್ಡ ಅಕ್ಷರದಲ್ಲಿ, ಇಲ್ಲಿನ ಠೇವಣಿಗೆ ವಿಮೆ ಇಲ್ಲ ಎಂದು ಬರೆಸಲು ಯಾವ ಬಜೆಟ್ಟೂ ಬೇಕಿಲ್ಲ. ಅದನ್ನು ಮಾಡದೆ ನೋಡಿ ಇಡಿ ಎನ್ನುತ್ತೇವೆ.

ಮತ್ತೆ ಐದು ಲಕ್ಷದ ಲೆಕ್ಕ. ಅದು ಅಸಲು ಬಡ್ಡಿ ಎರಡೂ ಸೇರಿ, ಒಂದು ಬ್ಯಾಂಕಿನ ಎಲ್ಲ ಶಾಖೆಗಳೂ ಸೇರಿ. ಐದು ಲಕ್ಷವನ್ನೇ ಇಟ್ಟರೆ ಬೆಳೆದ ಬಡ್ಡಿಗೆ ರಕ್ಷಣೆಯಿಲ್ಲ. ನಾಲ್ಕೂಕಾಲು ಲಕ್ಷ ಇಟ್ಟರೆ ಎರಡು ವರ್ಷದ ಬಡ್ಡಿಗೂ ಜಾಗ ಇರುತ್ತದೆ. ಗಂಡ ಹೆಂಡತಿಯ ಜಂಟಿ ಠೇವಣಿಯಲ್ಲಿ ಹೆಸರುಗಳ ಕ್ರಮ ಬದಲಾದರೆ, ಅಂದರೆ ಒಂದರಲ್ಲಿ ಗಂಡನ ಹೆಸರು ಮೊದಲು, ಇನ್ನೊಂದರಲ್ಲಿ ಹೆಂಡತಿಯದು ಮೊದಲು ಇದ್ದರೆ, ಎರಡಕ್ಕೂ ಬೇರೆ ಬೇರೆ ಐದು ಲಕ್ಷದ ರಕ್ಷಣೆ. ಒಬ್ಬೊಬ್ಬರ ಸ್ವಂತ ಖಾತೆಗೆ ಮತ್ತೆ ಪ್ರತ್ಯೇಕ. ಹೀಗೆ ಹೆಸರು ಹಿಂದುಮುಂದು ಮಾಡಿ ಇಬ್ಬರು ಒಂದೇ ಬ್ಯಾಂಕಿನಲ್ಲಿ ಇಪ್ಪತ್ತು ಲಕ್ಷದವರೆಗೆ ರಕ್ಷಿಸಿಕೊಳ್ಳಬಹುದು. ಹೆಸರಿನ ಸರದಿಯ ಮೇಲೆ ಜೀವಮಾನದ ಉಳಿತಾಯ ನಿಲ್ಲುವುದು ವಿಚಿತ್ರವೇ, ಆದರೆ ಎನ್‌ಪಿಎ ಓದುವುದಕ್ಕಿಂತ ಇದು ನೂರು ಪಾಲು ಉಪಯೋಗದ ವಿದ್ಯೆ. ಕೌಂಟರಿನಲ್ಲಿ ಮಾತ್ರ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ದೇಶದ ಖಾತೆಗಳಲ್ಲಿ ಶೇ. 97.8ರಷ್ಟು ಪೂರ್ತಿ ವಿಮೆಯೊಳಗಿವೆ ಎಂದು 2024ರ ಮಾರ್ಚ್‌ನ ಅಂಕಿ ಹಿಡಿದು ಅಧಿಕಾರಿಗಳು ಹೆಮ್ಮೆಪಡುತ್ತಾರೆ. ಅದೇ ಅಂಕಿಯ ಇನ್ನೊಂದು ಮಗ್ಗುಲು: ಹಣದ ಲೆಕ್ಕದಲ್ಲಿ ವಿಮೆಯೊಳಗಿರುವುದು ಶೇ. 43.1 ಮಾತ್ರ. ಹೊರಗುಳಿದದ್ದರಲ್ಲಿ ಕಂಪನಿಗಳ ಹಣ ದೊಡ್ಡದು, ಅವರು ತಮ್ಮ ಪಾಡು ನೋಡಿಕೊಳ್ಳಲಿ. ಆದರೆ ಅದರಲ್ಲಿ ನಿವೃತ್ತರ ಒಟ್ಟು ಗಂಟೂ ಇದೆ. ಜೀವನದಲ್ಲಿ ಒಂದೇ ಸಲ, ಒಟ್ಟಿಗೆ ಕೈಗೆ ಬರುವ ಹಣ ಅದು. ಬ್ರಿಟನ್ನಿನಲ್ಲಿ ನಿವೃತ್ತಿಯ ಹಣ, ಮನೆ ಮಾರಿದ ಹಣದಂಥ ದೊಡ್ಡ ಮೊತ್ತ ಖಾತೆಗೆ ಬಂದ ಮೊದಲ ಆರು ತಿಂಗಳು ಮಾಮೂಲಿ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚಿನ ರಕ್ಷಣೆ ಇದೆ, ಆ ಅವಧಿಯಲ್ಲಿ ಅದನ್ನು ಹಂಚಿಡಲಿ ಎಂದು. ನಮ್ಮ ಠೇವಣಿ ವಿಮಾ ನಿಧಿ 2025ರ ಮಾರ್ಚ್ ಹೊತ್ತಿಗೆ ಎರಡು ಲಕ್ಷ ಕೋಟಿ ರೂಪಾಯಿ ದಾಟಿತ್ತು. ನ್ಯೂ ಇಂಡಿಯಾ ಬ್ಯಾಂಕಿನ ತಿಜೋರಿ ಬರಿದಾದ ವಾರ, ಮಿತಿ ಏರಿಸುವ ಯೋಚನೆ ಇದೆ ಎಂದು ಹಣಕಾಸು ಇಲಾಖೆ ಹೇಳಿತ್ತು. ಎಲ್ಲರಿಗೂ ಏರಿಸಲು ಹಿಂಜರಿಕೆಯಿದ್ದರೆ ಮೊದಲು ಇಷ್ಟು ಮಾಡಲಿ: ಪಿಎಫ್, ಗ್ರಾಚ್ಯುಯಿಟಿ ಎಂದು ನಮೂದಾಗಿ ಜಮೆಯಾದ ಹಣಕ್ಕೆ ಮೊದಲ ಒಂದು ವರ್ಷ ಪೂರ್ತಿ ವಿಮೆ ಕೊಡಲಿ, ಮತ್ತು ಠೇವಣಿ ಪಡೆಯುವ ಪ್ರತಿ ಬ್ಯಾಂಕಿನ ಹಿಂದಿನ ವರ್ಷದ ತಪಾಸಣೆಯ ದರ್ಜೆಯನ್ನು ಎಫ್‌ಡಿ ರಸೀತಿಯ ಮೇಲೆ, ಬಡ್ಡಿ ದರದ ಪಕ್ಕದಲ್ಲಿ ಅಚ್ಚು ಹಾಕಿಸಲಿ.